ಮಂಗಳೂರಿನಲ್ಲಿ ಓಡುವವರಿಗೆ: ದಾರಿ ಆರಿಸಿಕೊಳ್ಳುವುದು ಹೇಗೆ?

ವೈದ್ಯರು ಮಾತ್ರೆ ಬರೆದುಕೊಡುವಾಗ ಎಷ್ಟು, ಯಾವಾಗ, ಊಟದ ಮೊದಲೋ ನಂತರವೋ ಎಂದು ತಿಳಿಸುತ್ತಾರೆ. ಆದರೆ ಅದೇ ಚೀಟಿಯ ಕೊನೆಯಲ್ಲಿ "ದಿನಾ ವ್ಯಾಯಾಮ ಮಾಡಿ" ಎಂದಷ್ಟೇ ಇರುತ್ತದೆ. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು ಎಂಬ ಪ್ರಶ್ನೆ ಮನೆಗೆ ಹೋದ ಮೇಲೆ ಏಳುತ್ತದೆ. ಮಂಗಳೂರಿನವರಿಗೆ ಈ ಪ್ರಶ್ನೆ ಬಹಳ ಮುಖ್ಯವಾದುದು. ಏಕೆಂದರೆ ಇಲ್ಲಿ ದಾರಿಯೂ ಒಂದು ಔಷಧಿ. ಅದಕ್ಕೂ ಪ್ರಮಾಣವಿದೆ.

ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ ಎಂದೂ ಕರೆಯುವ ಗುರುಪುರ ನದಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವುಗಳ ನಡುವೆ ಕದ್ರಿ, ಬಾವುಟಗುಡ್ಡೆಗಳಂತಹ ಎತ್ತರದ ಜಾಗಗಳು. ಆದ್ದರಿಂದ ನಮ್ಮ ಊರಿನಲ್ಲಿ ಸ್ವಲ್ಪ ದೂರ ಹೋಗುವುದರೊಳಗೆ ಒಂದು ಏರು, ಒಂದು ಇಳಿಜಾರು ಎದುರಾಗುತ್ತದೆ.

ನಮ್ಮ ತಿಳುವಳಿಕೆ ತರಗತಿಗೆ ಬಂದಿದ್ದ ಒಬ್ಬರ ವಿಷಯ ಹೇಳುತ್ತೇನೆ. ವಯಸ್ಸು ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಮೈದಾನದಲ್ಲಿ ಮೆಲ್ಲಗೆ ಎರಡು ಕಿಲೋಮೀಟರ್ ಓಡಿ ಅಭ್ಯಾಸವಾಗಿತ್ತು. ಒಂದು ದಿನ ಗೆಳೆಯರ ಜೊತೆ ಗುಡ್ಡೆಯ ಏರು ರಸ್ತೆಗೆ ಹೋದರು. ಅರ್ಧ ದಾರಿಯಲ್ಲಿ ಎದೆ ಬಿಗಿದಂತಾಯಿತು. "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು, ನಡೆದುಕೊಂಡೇ ಮನೆಗೆ ಹೋದರು. ಆಸ್ಪತ್ರೆಗೆ ಬಂದದ್ದು ಮರುದಿನ ಸಂಜೆ. ಅದು ಹೃದಯಾಘಾತವಾಗಿತ್ತು. ಪ್ರಾಣ ಉಳಿಯಿತು, ಆದರೆ ಹೃದಯದ ಶಕ್ತಿ ಮೊದಲಿನಂತೆ ಉಳಿಯಲಿಲ್ಲ. "ಸಿಸ್ಟರ್, ದಿನಾ ಓಡುವಷ್ಟೇ ಅಲ್ಲವಾ ನಾನು ಅವತ್ತೂ ಓಡಿದ್ದು?" ಎಂದು ಅವರು ಕೇಳಿದರು.

ದೂರ ಅಷ್ಟೇ, ನಿಜ. ಆದರೆ ಏರಿನಲ್ಲಿ ಓಡುವಾಗ ದೇಹದ ಭಾರವನ್ನು ಪ್ರತಿ ಹೆಜ್ಜೆಗೂ ಮೇಲಕ್ಕೆ ಎತ್ತಬೇಕು. ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು, ಹೃದಯ ಹೆಚ್ಚು ವೇಗವಾಗಿ ಬಡಿಯಬೇಕು. ಹೃದಯದ ರಕ್ತನಾಳ ಕಿರಿದಾಗಿದ್ದರೆ ಅದು ಗೊತ್ತಾಗುವುದು ಇಂತಹ ಸಮಯದಲ್ಲಿಯೇ.

ಹೊರಡುವ ಮೊದಲು

ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ, ಧೂಮಪಾನದ ಅಭ್ಯಾಸ, ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದವರು ಇದ್ದರೆ, ಓಟ ಆರಂಭಿಸುವ ಮೊದಲು ವೈದ್ಯರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂತಹ ವ್ಯಾಯಾಮ, ಇಲ್ಲವೇ 75 ನಿಮಿಷ ಓಟದಂತಹ ಶ್ರಮದ ವ್ಯಾಯಾಮ ಬೇಕು. ಅಂದರೆ ಓಡಲೇಬೇಕೆಂದಿಲ್ಲ. ನಡಿಗೆಯೂ ಸಾಕು.

ಮೊದಲ ಹಂತ: ಸಮತಟ್ಟು ನೆಲ

ಹೊಸದಾಗಿ ಆರಂಭಿಸುವವರಿಗೆ ನೆಹರೂ ಮೈದಾನ ಅಥವಾ ಮಂಗಳಾ ಕ್ರೀಡಾಂಗಣದಂತಹ ಸಮತಟ್ಟು ಜಾಗ ಒಳ್ಳೆಯದು. ಕ್ರೀಡಾಂಗಣದ ಓಟದ ಪಥದ ಒಳಸುತ್ತು 400 ಮೀಟರ್. ಎರಡೂವರೆ ಸುತ್ತಿಗೆ ಒಂದು ಕಿಲೋಮೀಟರ್ ಆಗುತ್ತದೆ, ಲೆಕ್ಕ ಸುಲಭ. ಸಾರ್ವಜನಿಕರಿಗೆ ಬಿಡುವ ಸಮಯವನ್ನು ಅಲ್ಲಿಯೇ ವಿಚಾರಿಸಿಕೊಳ್ಳಿ. ಸುತ್ತು ಹಾಕುವುದು ಬೇಸರ ಎನಿಸಬಹುದು. ಆದರೆ ಸುಸ್ತಾದರೆ ತಕ್ಷಣ ನಿಲ್ಲಿಸಬಹುದು, ಸುತ್ತ ಜನರಿರುತ್ತಾರೆ, ಮನೆಯಿಂದ ದೂರ ಹೋಗಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮೊದಲ ಎರಡು ವಾರ ನಡಿಗೆ ಮಾತ್ರ. ಆಮೇಲೆ ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ. ಹೀಗೆ ಏಳೆಂಟು ಬಾರಿ. ಓಡುವಾಗ ಪಕ್ಕದವರೊಡನೆ ಒಂದು ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಬಿ.ಪಿ.ಗೆ ಅಥವಾ ಹೃದಯಕ್ಕೆಂದು ಕೊಡುವ ಕೆಲವು ಮಾತ್ರೆಗಳು ನಾಡಿಬಡಿತವನ್ನು ಏರಲು ಬಿಡುವುದಿಲ್ಲ. ಅಂತಹವರು ನಾಡಿ ಎಣಿಸುವುದಕ್ಕಿಂತ ಈ ಮಾತಿನ ಪರೀಕ್ಷೆಯನ್ನೇ ನಂಬುವುದು ಉತ್ತಮ.

ಎರಡನೆಯ ಹಂತ: ಮರದ ನೆರಳು, ನದಿಯ ದಡ

ಒಂದೆರಡು ತಿಂಗಳು ತೊಂದರೆಯಿಲ್ಲದೆ ಕಳೆದರೆ ಜಾಗ ಬದಲಿಸಬಹುದು. ಕದ್ರಿ ಪಾರ್ಕ್‌ನಲ್ಲಿ ಮರದ ನೆರಳಿದೆ. ಬೋಳೂರಿನ ಬಳಿ ಗುರುಪುರ ನದಿಯ ದಡದಲ್ಲಿ ಸುಲ್ತಾನ್ ಬತ್ತೇರಿ ಇದೆ. ಶತ್ರುಗಳ ಹಡಗು ನದಿಯೊಳಗೆ ಬಾರದಂತೆ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಗೋಪುರ ಅದು. ನದಿಯ ಆಚೆಗೆ ತಣ್ಣೀರುಬಾವಿ ಕಡಲತೀರ, ಅದರ ಉತ್ತರಕ್ಕೆ ಪಣಂಬೂರು.

ತೀರದಲ್ಲಿ ಓಡುವಾಗ ಒಣ ಮರಳನ್ನು ಬಿಡಿ. ಅದರಲ್ಲಿ ಕಾಲು ಹೂತು ಹಿಮ್ಮಡಿಯ ಮೇಲಿನ ನರ ಮತ್ತು ಮೀನಖಂಡಕ್ಕೆ ಎಳೆತವಾಗುತ್ತದೆ. ಅಲೆ ಬಂದು ಹೋದ ಗಟ್ಟಿ ಮರಳು ವಾಸಿ. ಅಲ್ಲಿಯೂ ನೆಲ ಸಮುದ್ರದ ಕಡೆಗೆ ವಾಲಿರುವುದರಿಂದ ಒಂದು ಕಾಲಿಗೆ ಭಾರ ಹೆಚ್ಚು. ಹೋದಷ್ಟೇ ದೂರ ಅದೇ ದಾರಿಯಲ್ಲಿ ಹಿಂದಿರುಗಿದರೆ ಎರಡು ಕಾಲಿಗೂ ಸಮನಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಮರಳಿನಲ್ಲಿಯೂ ಬರಿಗಾಲಲ್ಲಿ ಓಡಬಾರದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಚಿಪ್ಪು, ಗಾಜು ಚುಚ್ಚಿದ್ದು ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ.

ಕೊನೆಯ ಹಂತ: ಏರು

ಕದ್ರಿ ಗುಡ್ಡೆಯ ಏರು, ಲೈಟ್‌ಹೌಸ್ ಹಿಲ್ ಎಂದು ಕರೆಯುವ ಬಾವುಟಗುಡ್ಡೆಯ ರಸ್ತೆ, ಇವು ಅಭ್ಯಾಸವಾದವರಿಗೆ. ಮೊದಲು ಏರನ್ನು ನಡೆದೇ ಹತ್ತಿ. ನಡೆಯುವಾಗ ಎದೆಯಲ್ಲಿ ಏನೂ ಅನಿಸದಿದ್ದರೆ ಮಾತ್ರ ಮುಂದೆ ಓಟದ ಯೋಚನೆ. ಇಳಿಜಾರು ಸುಲಭ ಎಂದು ಜೋರಾಗಿ ಓಡಬೇಡಿ. ಮೊಣಕಾಲಿಗೆ ಪೆಟ್ಟು ಬೀಳುವುದು ಅಲ್ಲಿಯೇ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮತ್ತು ನೇತ್ರಾವತಿ ಸೇತುವೆಯ ಮೇಲೆ ಲಾರಿ, ಬಸ್ಸುಗಳ ಪಕ್ಕದಲ್ಲಿ ಓಡುವ ಸಾಹಸ ಯಾರಿಗೂ ಬೇಡ.

ನಮ್ಮ ಹವೆ, ನಮ್ಮ ಬೆವರು

ಬೆವರು ಆರಿದಾಗ ಮಾತ್ರ ಮೈ ತಣ್ಣಗಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಆರುವುದಿಲ್ಲ, ಸುಮ್ಮನೆ ಸುರಿದು ಹೋಗುತ್ತದೆ. ಹಾಗಾಗಿ ಒಣ ಹವೆಯ ಊರಿನಲ್ಲಿ ಓಡಿದಷ್ಟೇ ವೇಗದಲ್ಲಿ ಇಲ್ಲಿ ಓಡಬೇಕೆಂಬ ಹಟ ಬೇಡ. ಬಿಸಿಲು ಏರುವ ಮೊದಲೇ ಮುಗಿಸಿ. ಮಾರ್ಚ್‌ನಿಂದ ಮೇವರೆಗೆ ಇನ್ನಷ್ಟು ಎಚ್ಚರ ಬೇಕು. ಓಡಿ ಬಂದ ಮೇಲೆ ನೀರು, ಉಪ್ಪು ಹಾಕಿದ ಗಂಜಿತಿಳಿ ಅಥವಾ ಮಜ್ಜಿಗೆ ಒಳ್ಳೆಯದು. ಬಿ.ಪಿ. ಇರುವವರು ಉಪ್ಪು ಸೇರಿಸುವುದು ಬೇಡ. ಮೂತ್ರಪಿಂಡದ ತೊಂದರೆ ಇರುವವರು ಬೊಂಡ ಕುಡಿಯುವ ಮೊದಲು ವೈದ್ಯರನ್ನು ಕೇಳಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಓಡಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಕೈ ನಡುಕ, ತಣ್ಣನೆಯ ಬೆವರು, ತಲೆ ಮಂಪರು ಬಂದರೆ ತಕ್ಷಣ ತಿನ್ನಿ.

ಮಳೆಗಾಲದಲ್ಲಿ

ಜೂನ್ ಬಂತೆಂದರೆ ಮುರಕಲ್ಲಿನ ಮೆಟ್ಟಿಲು, ಕಾಲುದಾರಿಗಳ ಮೇಲೆ ಪಾಚಿ ಬೆಳೆದು ಜಾರುತ್ತದೆ. ಸಮುದ್ರವೂ ಬಿರುಸಾಗಿರುತ್ತದೆ, ತೀರದ ಓಟ ನಿಲ್ಲಿಸಿ. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರಿನಲ್ಲಿ ಓಡಿದರೆ ಇಲಿಜ್ವರ ತಗಲಬಹುದು. ಇಲಿಯ ಮೂತ್ರ ಬೆರೆತ ನೀರಿನಿಂದ ಅದು ಬರುತ್ತದೆ. ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿನಲ್ಲಿ ಓಡಿದ ವಿಷಯವನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಜೋರು ಮಳೆಯ ದಿನ ಮನೆಯೊಳಗೇ ನಡೆದರೂ ಸಾಕು.

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

- ಎದೆಯಲ್ಲಿ ಬಿಗಿತ, ಭಾರ, ಉರಿ
- ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು
- ಎಂದಿಲ್ಲದ ಏದುಸಿರು, ತಣ್ಣನೆಯ ಬೆವರು, ತಲೆಸುತ್ತು
- ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ವಿಪರೀತ ಸುಸ್ತು

ಇವುಗಳಲ್ಲಿ ಒಂದು ಕಂಡರೂ ಅಲ್ಲೇ ಕುಳಿತುಕೊಳ್ಳಿ. ಮನೆಗೆ ನಡೆದು ಹೋಗಬೇಡಿ, ಸ್ಕೂಟರ್ ಓಡಿಸಬೇಡಿ. ಪಕ್ಕದವರನ್ನು ಕರೆದು 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂಬುದನ್ನು ಇ.ಸಿ.ಜಿ. ನೋಡಿದ ವೈದ್ಯರು ಹೇಳಲಿ.

ನಾನು ಹೇಳಿದ ಆ ರೋಗಿ ಈಗ ವೈದ್ಯರ ಸಲಹೆಯಂತೆ ಮೈದಾನದಲ್ಲಿ ದಿನಾ ಅರ್ಧ ಗಂಟೆ ನಡೆಯುತ್ತಾರೆ. ಜೇಬಿನಲ್ಲಿ ಹೆಸರು, ಮನೆಯ ಫೋನ್ ನಂಬರು, ಮಾತ್ರೆಗಳ ಹೆಸರು ಬರೆದ ಚೀಟಿ ಇರುತ್ತದೆ. ನಾಳೆ ಬೆಳಿಗ್ಗೆ ಹೊರಡುವ ಮೊದಲು ನೀವೂ ಅಂತಹ ಒಂದು ಚೀಟಿ ಬರೆದಿಟ್ಟುಕೊಳ್ಳಿ.