ಹಿತ್ತಿಲೊಂದೇ, ಗೂಡು ಬೇರೆ
ಮೊಟ್ಟೆಕೋಳಿಗಳಿರುವ ಹಿತ್ತಿಲಲ್ಲೇ ಮಾಂಸಕ್ಕೆಂದು ಬ್ರಾಯ್ಲರ್ ಮರಿಗಳನ್ನೂ ಸಾಕಬಹುದು. ಒಂದೇ ಗೂಡಿನಲ್ಲಿ ಮಾತ್ರ ಬೇಡ. ಕಾರಣ ಆಹಾರದಲ್ಲೇ ಇದೆ. ಗಟ್ಟಿ ಚಿಪ್ಪಿಗಾಗಿ ಲೇಯರ್ ಫೀಡಿನಲ್ಲಿ ಸುಮಾರು ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬ್ರಾಯ್ಲರ್ ಮರಿಗೆ ಶೇ. 1ರ ಆಸುಪಾಸು ಸಾಕು. ಅತಿಯಾದರೆ ಅದರ ಮೂತ್ರಪಿಂಡ ಕೆಡುತ್ತದೆ. ಅತ್ತ ಬ್ರಾಯ್ಲರ್ ಫೀಡನ್ನೇ ತಿಂದ ಹೇಂಟೆ ತೆಳುಚಿಪ್ಪಿನ ಮೊಟ್ಟೆ ಇಡುತ್ತದೆ. ಸಾಲದ್ದಕ್ಕೆ, ದೊಡ್ಡ ಕೋಳಿ ತಾನು ನರಳದೆಯೇ ಹಿಕ್ಕೆಯ ಮೂಲಕ ಮರಿಗಳಿಗೆ ರಕ್ತಭೇದಿ ಹರಡಬಲ್ಲದು.

ನಾಟಿಕೋಳಿ ಮರಿಗಳು ತಾಯಿಯ ಜೊತೆಗೇ ಬೆಳೆಯುವುದಿಲ್ಲವೇ ಎನ್ನಬಹುದು. ಬೆಳೆಯುತ್ತವೆ, ಆದರೆ ಕೆದಕಿ, ಹುಳ ಹೆಕ್ಕಿ, ನಿಧಾನಕ್ಕೆ. 6 ವಾರಗಳಲ್ಲೇ 2 ಕಿಲೋ ತೂಗುವ ಬ್ರಾಯ್ಲರ್ ಫೀಡಿನ ಮುಂದಿನಿಂದ ಏಳುವುದೇ ಅಪರೂಪ! ಎರಡನೇ ಗೂಡಿನ ಖರ್ಚೇ? ಬೇಕಿರುವುದು ಆ 6 ವಾರಕ್ಕಷ್ಟೇ. ಬಿದಿರು, ಜಾಲರಿ, ತೆಂಗಿನ ಗರಿ ಸಾಕು. ಅದೂ ಆಗದಿದ್ದರೆ ಬ್ರಾಯ್ಲರ್ ಬಿಡಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ತನ್ನಿ: ಹುಂಜ ಮಾಂಸಕ್ಕೆ, ಹೇಂಟೆ ಮೊಟ್ಟೆಗೆ.