ಹಿತ್ತಲಿನಲ್ಲಿ ಹಕ್ಕಿಗಳ ಔತಣ

ಅಂಗಳದಲ್ಲಿ ದಿನವೂ ಒಂದು ಹಿಡಿ ಅಕ್ಕಿಯನ್ನು ಚೆಲ್ಲಿ ಕಾದು ನೋಡಿದರೆ ಯಾವ ಯಾವ ಹಕ್ಕಿಗಳು ಬರುವುವು? ಒಂದೆರಡು ಚೋರೆ ಹಕ್ಕಿಗಳು, ಕಾಗೆಗಳು, ಗೊರವಂಕಗಳು, ಊರಿನಲ್ಲಿ ಇನ್ನೂ ಉಳಿದಿದ್ದರೆ ಗುಬ್ಬಚ್ಚಿಗಳು. ದೊಡ್ಡ ನಗರವಾದರೆ ಇವೆಲ್ಲವನ್ನೂ ಹಿಂದಕ್ಕೆ ತಳ್ಳುವ ಪಾರಿವಾಳಗಳ ಹಿಂಡು. ತಿಂಗಳುಗಟ್ಟಲೆ ಕಾಳು ಚೆಲ್ಲಿದರೂ ಈ ಪಟ್ಟಿ ಹೆಚ್ಚು ಬೆಳೆಯದು. ಆದರೆ ಅದೇ ಬೀದಿಯ ಇನ್ನೊಂದು ಹಿತ್ತಲಿಗೆ, ಅಲ್ಲಿ ಒಂದು ಕಾಳನ್ನೂ ಹಾಕದಿದ್ದರೂ, ಸೂರಕ್ಕಿ, ಪಿಕಳಾರ, ಟುವ್ವಿ ಹಕ್ಕಿ, ಮಡಿವಾಳ ಹಕ್ಕಿ, ಕುಟ್ರು, ಕೆಂಬೂತಗಳು ಬಂದು ಹೋಗುವುದುಂಟು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ವಿಚಾರಿಸಿ ನೋಡೋಣ.

ಉತ್ತರದ ಮೊದಲ ಭಾಗವು ಹಕ್ಕಿಯ ಕೊಕ್ಕಿನಲ್ಲಿದೆ. ಕೊಕ್ಕು ಹಕ್ಕಿಗೆ ಕೈಯೂ ಹೌದು, ಹಲ್ಲೂ ಹೌದು. ಗುಬ್ಬಚ್ಚಿ ಮತ್ತು ರಾಟವಾಳಗಳ ಕೊಕ್ಕು ಮೊಟಕಾಗಿ, ಬುಡದಲ್ಲಿ ದಪ್ಪವಾಗಿ, ಶಂಕುವಿನ ಆಕಾರದಲ್ಲಿರುವುದು. ಕಾಳಿನ ಸಿಪ್ಪೆಯನ್ನು ಬಿಡಿಸಲು ಅದು ತಕ್ಕ ಸಾಧನ. ಸೂರಕ್ಕಿಯ ಕೊಕ್ಕು ತೆಳ್ಳಗೆ, ನೀಳವಾಗಿ, ಕೆಳಕ್ಕೆ ಬಾಗಿರುವುದು. ಅದನ್ನು ಹೂವಿನೊಳಕ್ಕೆ ಚಾಚಿ, ಕೊಳವೆಯಂತಹ ನಾಲಗೆಯಿಂದ ಅದು ಮಕರಂದವನ್ನು ಹೀರುವುದು. ಟುವ್ವಿಯ ಕೊಕ್ಕು ಎಲೆಯ ಮರೆಯ ಹುಳುವನ್ನು ಹೆಕ್ಕಿ ತೆಗೆಯುವ ಚಿಮಟದಂತಿದೆ. ಸೂರಕ್ಕಿಯ ಮುಂದೆ ಒಂದು ಮೂಟೆ ಅಕ್ಕಿಯನ್ನು ಸುರಿದರೂ ಅದು ಅದಕ್ಕೆ ಊಟವಲ್ಲ. ಆದುದರಿಂದ ಬಗೆಬಗೆಯ ಹಕ್ಕಿಗಳು ಬರಬೇಕಾದರೆ ಬಗೆಬಗೆಯ ಆಹಾರವಿರಬೇಕು. ಅಂತಹ ಔತಣವನ್ನು ವರ್ಷವಿಡೀ ಬಡಿಸಬಲ್ಲುದು ಗಿಡವೇ ಹೊರತು ತಟ್ಟೆಯಲ್ಲ.

ಮಕರಂದಕ್ಕಾಗಿ ನಾವು ದೂರ ಹುಡುಕಬೇಕಾಗಿಲ್ಲ. ದಾಸವಾಳ, ರತ್ನಗಂಧಿ, ಬಾಳೆಯ ಹೂ ಇವು ಸೂರಕ್ಕಿಯನ್ನು ತಪ್ಪದೆ ಸೆಳೆಯುವುವು. ಅದು ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತೇ ಹೀರುವುದರಿಂದ ಹೂವಿನ ಬಳಿ ಕಾಲೂರಲು ಆಸರೆಯಿರಬೇಕು. ಸ್ಥಳ ವಿಶಾಲವಾಗಿದ್ದರೆ ಒಂದು ಹಾಲುವಾಣದ ಮರವನ್ನು ಬೆಳೆಸಬಹುದು. ಚಳಿಗಾಲದ ಕೊನೆಯಲ್ಲಿ, ಎಲೆಗಳೆಲ್ಲ ಉದುರಿದ ಮೇಲೆ ಅದು ಕೆಂಪಾಗಿ ಹೂತಾಗ ಗೊರವಂಕ, ಕಾಗೆ, ಕಾಜಾಣಗಳು ಸಹ ಮಕರಂದಕ್ಕಾಗಿ ಅಲ್ಲಿ ನೆರೆಯುವುವು.

ಹಣ್ಣು ತಿನ್ನುವ ಹಕ್ಕಿಗಳಿಗಾಗಿ ಅತ್ತಿ, ನೇರಳೆ, ಶ್ರೀಗಂಧಗಳು ಶ್ರೇಷ್ಠವಾದರೂ ಎಲ್ಲರ ಹಿತ್ತಲಿನಲ್ಲಿಯೂ ಅವುಗಳಿಗೆ ಎಡೆಯಿರದು. ಕರಿಬೇವಿಗೆ ಮಾತ್ರ ಎಡೆಯುಂಟು. ಅಡುಗೆಗೆಂದು ನೆಟ್ಟ ಈ ಗಿಡವನ್ನು ತುಸು ಎತ್ತರಕ್ಕೆ ಬೆಳೆಯಲು ಬಿಟ್ಟರೆ ಅದು ಹೂತು ಕಾಯಾಗುವುದು. ಕಪ್ಪಗೆ ಮಾಗಿದ ಹಣ್ಣುಗಳನ್ನು ಪಿಕಳಾರಗಳೂ ಕೋಗಿಲೆಗಳೂ ಅರಸಿ ಬರುವುವು. ನಮ್ಮ ದೇಶದ್ದಲ್ಲದಿದ್ದರೂ ಬೇಗ ಬೆಳೆಯುವ ಗಸಗಸೆ ಹಣ್ಣಿನ ಮರವು, ನಮ್ಮ ಹಕ್ಕಿಗಳಲ್ಲೆಲ್ಲ ಅತಿ ಚಿಕ್ಕವುಗಳಲ್ಲೊಂದಾದ ಬದನಿಕೆ ಹಕ್ಕಿಗೆ ಮೆಚ್ಚಿನದು. ಲಂಟಾನದ ಹಣ್ಣನ್ನೂ ಹಕ್ಕಿಗಳು ತಿನ್ನುವುವಾದರೂ ಅದನ್ನು ನೆಡಬಾರದು. ಹಕ್ಕಿಗಳು ಬೀಜವನ್ನು ಹರಡುವುದರಿಂದಲೇ ಅದು ನಮ್ಮ ಕಾಡುಗಳನ್ನು ಕವಿದುಕೊಂಡಿದೆ.

ಹೂವೂ ಹಣ್ಣೂ ಒದಗಿದರೂ ಔತಣವು ಅರ್ಧದಷ್ಟೇ ಸಿದ್ಧವಾದಂತೆ. ಉಳಿದರ್ಧವು ಹುಳುಹುಪ್ಪಟೆಗಳಿಗೆ ಸೇರಿದುದು. ಬೆಳೆದ ಗುಬ್ಬಚ್ಚಿ ಕಾಳು ತಿಂದು ಬದುಕುವುದು ನಿಜ. ಆದರೆ ಅದರ ಎಳೆಯ ಮರಿ ಕಾಳಿನಿಂದ ಬೆಳೆಯಲಾರದು. ಗೂಡಿನಲ್ಲಿರುವ ಎರಡು ವಾರಗಳೊಳಗೆ ಅದು ತನ್ನ ತೂಕದ ಹಲವು ಪಟ್ಟು ಬೆಳೆದು, ಗರಿ ಮೂಡಿ, ಹಾರಲು ಸಿದ್ಧವಾಗಬೇಕು. ಇದಕ್ಕೆ ಬೇಕಾದ ಪ್ರೋಟೀನು ದೊರೆಯುವುದು ಕಂಬಳಿಹುಳು, ಸಸ್ಯಹೇನು, ಜೇಡಗಳಂತಹ ಮೆದುವಾದ ಜೀವಿಗಳಿಂದ. ಮಕರಂದವನ್ನೇ ನೆಚ್ಚಿದ ಸೂರಕ್ಕಿಯೂ ಮರಿಗಳಿಗೆ ಜೇಡಗಳನ್ನೂ ಕೀಟಗಳನ್ನೂ ಹಿಡಿದು ತರುವುದು. ಇದಕ್ಕೆ ಹೊರತಾದವುಗಳಲ್ಲಿ ಪಾರಿವಾಳ ಮತ್ತು ಚೋರೆಗಳು ಮುಖ್ಯವಾದುವು. ಅವು ತಾವು ತಿಂದ ಕಾಳಿನ ಸತ್ವದಿಂದ ಗಂಟಲ ಚೀಲದಲ್ಲಿ ಹಾಲಿನಂತಹ ಒಂದು ದ್ರವ್ಯವನ್ನು ಉತ್ಪಾದಿಸಿ ಮರಿಗಳಿಗೆ ಉಣಿಸುವುವು. ಕೀಟಗಳಿಲ್ಲದ ನಗರದಲ್ಲಿ, ಬರಿಯ ಕಾಳಿನ ಬಲದಿಂದ ಪಾರಿವಾಳಗಳು ಹೆಚ್ಚುವುದೂ ಇತರ ಹಕ್ಕಿಗಳು ಕಡಮೆಯಾಗುವುದೂ ಏಕೆಂಬುದಕ್ಕೆ ಇಲ್ಲೊಂದು ಕಾರಣ ಕಾಣುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದ ಸುತ್ತ ಗುಬ್ಬಚ್ಚಿಗಳ ಗೂಡುಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಸಂಶೋಧನೆಯೂ, ಮರಿಗಳಿಗೆ ತಕ್ಕ ಕೀಟಾಹಾರ ದೊರೆಯದ ಕಡೆ ಬದುಕಿ ಉಳಿಯುವ ಮರಿಗಳು ಕಡಮೆ ಎಂದು ತೋರಿಸಿತು.

ಆದುದರಿಂದ ಕರಿಬೇವಿನ ಅಥವಾ ನಿಂಬೆಯ ಎಲೆಯಲ್ಲಿ ತೂತು ಕಂಡೊಡನೆ ವಿಷದ ಡಬ್ಬಿಗೆ ಕೈ ಹಾಕುವುದು ಸರಿಯಲ್ಲ. ಆ ತೂತು ಚಿಟ್ಟೆಯ ಮರಿಹುಳು ಅಲ್ಲಿದೆಯೆಂಬುದರ ಗುರುತು. ಅದನ್ನು ಟುವ್ವಿ ನಮಗಿಂತ ಮೊದಲೇ ಕಂಡಿರುವುದು. ವಿಷವು ಹುಳುವಿನಲ್ಲಿಯೇ ನಿಲ್ಲುವುದೂ ಇಲ್ಲ. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯವೊಂದರ ಆವರಣದಲ್ಲಿ ಎಲ್ಮ್ ಮರಗಳ ರೋಗವನ್ನು ತಡೆಯಲು ಡಿ.ಡಿ.ಟಿ. ಸಿಂಪಡಿಸಿದರು. ಉದುರಿದ ಎಲೆಗಳನ್ನು ಎರೆಹುಳುಗಳು ತಿಂದುವು. ಎರೆಹುಳುಗಳನ್ನು ತಿಂದ ರಾಬಿನ್ ಹಕ್ಕಿಗಳು ನಡುಗಿ ನಡುಗಿ ಸತ್ತುವು. ಹಕ್ಕಿಗಳ ಮೇಲೆ ಯಾರೂ ವಿಷವನ್ನೆರಚಿರಲಿಲ್ಲ. ರೇಚಲ್ ಕಾರ್ಸನ್ ಎಂಬ ವಿಜ್ಞಾನಿ 1962ರಲ್ಲಿ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ಅಮೆರಿಕವು 1972ರಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ನಿಷೇಧಿಸಿತು. ಇಂದಿನ ಕೀಟನಾಶಕಗಳು ಬೇರೆಯಾದರೂ, ಹುಳುವಿಲ್ಲದ ತೋಟದಲ್ಲಿ ಮರಿಗೆ ತುತ್ತಿಲ್ಲವೆಂಬ ಮಾತು ಬದಲಾಗಿಲ್ಲ.

ಗುಡಿಸಿ ಸುಡುವ ತರಗೆಲೆಯ ವಿಷಯವೂ ಹೀಗೆಯೇ. ಹಿತ್ತಲಿನ ಒಂದು ಮೂಲೆಯಲ್ಲಿ ಅದನ್ನು ಹಾಗೆಯೇ ಬಿಟ್ಟರೆ ಅದರಡಿಯಲ್ಲಿ ಎರೆಹುಳು, ಗೆದ್ದಲು, ಜೀರುಂಡೆಗಳು ಮನೆ ಮಾಡುವುವು. ಹರಟೆಮಲ್ಲಗಳು ಗುಂಪಾಗಿ ಬಂದು ಎಲೆಗಳನ್ನು ಮಗುಚಿ ಹಾಕುವುವು. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದಲ್ಲಿಯೂ ಮರಿ ಮಾಡಿ, ಚಳಿಗಾಲವನ್ನು ದಕ್ಷಿಣದಲ್ಲಿ ಕಳೆಯುವ ನವರಂಗವು ಸಹ ಇಂತಹ ನೆರಳಿನ ಮೂಲೆಯಲ್ಲಿ ಇಳಿದೀತು. ನೂರಾರು ಮೈಲಿ ಹಾರಿ ಬಂದ ಆ ಹಕ್ಕಿಗೆ ಬೇಕಾದುದು ನಾವು ಕಸವೆಂದು ಕರೆಯುವ ವಸ್ತು.

ನೀರಿಗಾಗಿ ಅಗಲವಾದ ಮಣ್ಣಿನ ತಟ್ಟೆ ಸಾಕು. ಎರಡಂಗುಲಕ್ಕಿಂತ ಹೆಚ್ಚು ಆಳ ಬೇಡ. ನಡುವೆ ಒಂದು ಒರಟು ಕಲ್ಲಿದ್ದರೆ ಚಿಕ್ಕ ಹಕ್ಕಿಗಳಿಗೆ ನಿಲ್ಲಲು ಅನುಕೂಲ. ಬೆಕ್ಕು ಅಡಗಿ ಕೂರಬಹುದಾದ ಪೊದೆಯಿಂದ ಎರಡು ಮೀಟರಾದರೂ ದೂರದಲ್ಲಿ ಅದನ್ನಿಡಬೇಕು. ಸೊಳ್ಳೆಯು ಮೊಟ್ಟೆಯಿಂದ ಹೊರಟು ರೆಕ್ಕೆ ಪಡೆಯಲು ಸುಮಾರು ಒಂದು ವಾರ ಬೇಕು. ಎರಡು ದಿನಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆದು ನೀರನ್ನು ಬದಲಿಸಿದರೆ ಆ ಭಯವಿಲ್ಲ.

ಗೂಡಿನ ಅವಕಾಶವನ್ನೂ ನಾವು ಕಲ್ಪಿಸಿಕೊಡಬಹುದು. ನುಗ್ಗೆಯಂತಹ ಮೆದುಮರದ ಒಣಕೊಂಬೆಯಿಂದ ಅಪಾಯವಿಲ್ಲವಾದರೆ ಅದನ್ನು ಕಡಿಯದಿರುವುದು ಮೇಲು. ಅದರಲ್ಲಿ ಕುಟ್ರು ಕೊರೆದ ಪೊಟರೆಯನ್ನು ಅದು ಬಿಟ್ಟುಹೋದ ಮೇಲೆ ಬೇರೆ ಹಕ್ಕಿಗಳು ಬಳಸಿಕೊಳ್ಳುವುವು. ಟುವ್ವಿಗೆ ಅಗಲವಾದ ಎಲೆಗಳ ಪೊದೆ ಬೇಕು. ಅದು ಎಲೆಯ ಅಂಚುಗಳನ್ನು ನಾರಿನಿಂದಲೂ ಜೇಡರ ಬಲೆಯಿಂದಲೂ ಹೊಲಿದು ಗೂಡು ಮಾಡುವುದು. ಗುಬ್ಬಚ್ಚಿಗಾದರೆ 32 ಮಿಲಿಮೀಟರು ಅಗಲದ ರಂಧ್ರವುಳ್ಳ ಮರದ ಪೆಟ್ಟಿಗೆಯನ್ನು ಸೂರಿನ ಕೆಳಗೆ, ನೆರಳಿನಲ್ಲಿ ತೂಗುಹಾಕಬಹುದು.

ಇಷ್ಟೆಲ್ಲ ಮಾಡಲು ದೊಡ್ಡ ತೋಟ ಬೇಕೆಂದಿಲ್ಲ. ಒಂದು ಕರಿಬೇವು, ಒಂದು ದಾಸವಾಳ, ತರಗೆಲೆಯ ಒಂದು ಮೂಲೆ, ಒಂದು ತಟ್ಟೆ ನೀರು—ಇಷ್ಟರಿಂದಲೇ ಆರಂಭಿಸಬಹುದು. ವಿದ್ಯಾರ್ಥಿಗಳು ಇದನ್ನೊಂದು ಪ್ರಯೋಗವೆಂದೇ ಭಾವಿಸಿ, ಗಿಡ ನೆಡುವ ಮೊದಲೇ ವಾರಕ್ಕೊಮ್ಮೆ ನಿಗದಿಯಾದ ವೇಳೆಯಲ್ಲಿ 15 ನಿಮಿಷ ಕುಳಿತು, ಬಂದ ಹಕ್ಕಿ ಯಾವುದು, ಎಷ್ಟು, ಏನು ತಿಂದಿತು ಎಂದು ಬರೆದಿಡಬೇಕು. ಪ್ರತಿ ವರ್ಷ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಗಣತಿಯ ಕ್ರಮವೂ ಹೆಚ್ಚುಕಡಮೆ ಇದೇ. ನಮ್ಮ ನಾಡಿನ ಅನೇಕರು ಅದರಲ್ಲಿ ಪಾಲ್ಗೊಳ್ಳುತ್ತಾರೆ. ಎರಡು ವರ್ಷಗಳ ತರುವಾಯ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಹೋಲಿಸಿ ನೋಡಿದರೆ, ಯಾವ ಗಿಡ ಯಾವ ಹಕ್ಕಿಯನ್ನು ಕರೆತಂದಿತೆಂಬುದು ನಮ್ಮ ಕೈಬರಹದಲ್ಲಿಯೇ ದೊರೆಯುವುದು.