ಟ್ರೇಲರ್ ಕಟ್ಟೋಕೆ ಹಳೇ ಗಾಡಿ ಕೊಳ್ತೀರಾ?

ತರಕಾರಿ ಕ್ರೇಟ್ ಸಾಗಿಸೋಕೆ ಅಂತ ಹಳೇ ಡೀಸೆಲ್ ಜೀಪ್ ಕೊಂಡಿದ್ದೆ. ಎಂಜಿನ್ ಸದ್ದಿಗೇ ಮರುಳಾಗಿದ್ದೆ. ಮೊದಲ ದಿನವೇ ಇಳಿಜಾರಲ್ಲಿ ಬ್ರೇಕ್ ಒತ್ತಿದರೆ, ತುಂಬಿದ ಟ್ರೇಲರ್ ಹಿಂದಿನಿಂದ ನೂಕಿತು. ಜೀವ ಬಾಯಿಗೆ ಬಂತು! ಎಳೆಯೋ ಶಕ್ತಿಗಿಂತ ನಿಲ್ಲೋ ಶಕ್ತಿ ಮುಖ್ಯ ಅಂತ ಅವತ್ತು ಗೊತ್ತಾಯ್ತು.

ಕೊಳ್ಳುವ ಮುಂಚೆ ಗಾಡಿ ಅಡಿಗೆ ಬಗ್ಗಿ ನೋಡಿ. ಚಾಸಿಯಲ್ಲಿ ಬಿರುಕು, ಹೊಸ ವೆಲ್ಡಿಂಗ್ ಕಂಡರೆ ಬಿಟ್ಟುಬಿಡಿ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಪರೀಕ್ಷಿಸಿ. ಆಕ್ಸಿಲರೇಟರ್ ಒತ್ತಿದಾಗ ಸದ್ದು ಮಾತ್ರ ಹೆಚ್ಚಿ, ವೇಗ ಬರದಿದ್ದರೆ ಕ್ಲಚ್ ಸವೆದಿದೆ ಅಂತ ಅರ್ಥ. ಎಷ್ಟು ಭಾರ ಎಳೆಯಬಹುದು ಅನ್ನೋದನ್ನ ಮಾರುವವರ ಬಾಯಲ್ಲಿ ಕೇಳಬೇಡಿ, ಕಂಪನಿ ಕೈಪಿಡಿಯಲ್ಲಿ ನೋಡಿ.

ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೇಳಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ಟ್ರೇಲರಿಗೂ ನೋಂದಣಿ ಇರಲಿ.